ಏಳು ಪೆಟ್ಟಿಗೆಯ ಮನೆಯಲ್ಲಿ ಹೊನ್ನೂರಮ್ಮನ ಮಾತು

ಹೆಂಡತಿಯ ಚೀಲ ಹೊತ್ತುಕೊಂಡು ಅವಳ ಹಿಂದೆ ಹಿಂದೆ ನಡೆಯುವ ಗಂಡಸು ನಮ್ಮೂರಿನಲ್ಲಿ ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಚೀಲದಲ್ಲಿ ವೈರುಗಳಿರುತ್ತವೆ, ಪಿನ್ನುಗಳಿರುತ್ತವೆ, ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಹೆಡ್‌ಫೋನ್, ಹಳೇ ಪಂಚೆ ಹರಿದು ಮಾಡಿದ ಒರೆಸುವ ಬಟ್ಟೆ ಇರುತ್ತವೆ. ಮುಂದೆ ನಡೆಯುವವಳು ಚೂಡಾಮಣಿ. ಊರಿನಲ್ಲಿ ದನಿ ತಿರುಗಿಸುವವಳು ಅವಳೇ. ನನ್ನ ಕಸುಬು ಸೋಫಾ ಗವಸು ಹೊಲಿಯುವುದು. ಕೂತು ಮಾಡುವ ಕೆಲಸ, ಯಾವಾಗ ಬೇಕಾದರೂ ಎದ್ದು ಹೋಗಬಹುದು. "ಏನ್ ತಿಪ್ಪೇಶಣ್ಣ, ಮೇಡಂ ಜತೆ ಡ್ಯೂಟಿನಾ?" ಎಂದು ಟೀ ಅಂಗಡಿಯಲ್ಲಿ ಕೂತವರು ಕಿಚಾಯಿಸಿದರೆ, "ಹೂಂ ಕಣಪ್ಪ, ನಿಮ್ಮನೇಲಿ ದನಿ ಸಿಕ್ಕಾಕ್ಕೊಂಡಾಗ ಬಾ, ಆಗ ನಗ್ತೀಯಂತೆ" ಎನ್ನುತ್ತೇನೆ.

ನಮ್ಮೂರಿನಲ್ಲಿ ಒಂದು ಮನೆಗೆ ಒಂದೇ ದನಿ. ಅದು ಒಂದು ಹೊತ್ತಿಗೆ ಒಂದು ಕಡೆಯಿಂದ ಮಾತ್ರ ಹೊರಡುತ್ತದೆ. ಪ್ರತಿ ಮನೆಯ ಟಿವಿಯ ಕೆಳಗೂ ಒಂದು ಕಂಪ್ಯೂಟರ್ ಇದೆ. ಸಿನಿಮಾ, ಹಾಡು, ವಾರ್ತೆ ಎಲ್ಲ ಅದರಲ್ಲೇ. ದನಿಯನ್ನು ಎಲ್ಲಿಗೆ ಬಿಡಬೇಕು ಎಂಬ ಪಟ್ಟಿಯೂ ಅದರಲ್ಲೇ ಇರುತ್ತದೆ. ನಾಲ್ಕು ಸಾಲು: ಟಿವಿಗೆ, ಪೆಟ್ಟಿಗೆಗೆ, ಕಿವಿಗೆ, ಮನೆಮಂದಿಗೆ. ಟಿವಿಗೆ ಬಿಟ್ಟರೆ ಟಿವಿ ಮಾತಾಡುತ್ತದೆ. ಪೆಟ್ಟಿಗೆಗೆ ಬಿಟ್ಟರೆ ಗೋಡೆಗೆ ಹೊಡೆದ ಸ್ಪೀಕರುಗಳು. ಕಿವಿಗೆ ಬಿಟ್ಟರೆ ಹೆಡ್‌ಫೋನ್ ಹಾಕಿಕೊಂಡ ಒಬ್ಬರಿಗೆ ಮಾತ್ರ ಕೇಳುತ್ತದೆ. ಮನೆಮಂದಿಗೆ ಬಿಟ್ಟಾಗ ಮನೆಯವರು ಮಾತಾಡಬಹುದು, ಆಗ ಸಿನಿಮಾದವರು ಬರೀ ತುಟಿ ಆಡಿಸುತ್ತಾರೆ. ಉಳಿದ ಮೂರರಲ್ಲೂ ತುಟಿ ಆಡಿಸುವ ಸರದಿ ಮನೆಯವರದು. ಪಾತ್ರೆ ಬಿದ್ದರೆ ಸದ್ದಾಗುತ್ತದೆ, ಬಾಗಿಲು ಬಡಿದರೆ ಸದ್ದಾಗುತ್ತದೆ, ಕೊರಳಿಗೆ ಮಾತ್ರ ಸದ್ದಿಲ್ಲ. ಹೊಸ್ತಿಲು ದಾಟಿ ಬೀದಿಗೆ ಬಂದರೆ ಯಾರು ಎಷ್ಟು ಬೇಕಾದರೂ ಮಾತಾಡಬಹುದು. ಅದಕ್ಕೇ ನಮ್ಮೂರ ಬೀದಿಗಳು ಬೆಳಗಿನಿಂದ ಸಂಜೆಯವರೆಗೆ ಗಿಜಿಗಿಜಿ ಅನ್ನುತ್ತಿರುತ್ತವೆ.

ಇದರಿಂದ ಕಷ್ಟವೇನೂ ಇಲ್ಲ. ಅತ್ತೆ ಪುರಾಣ ತೆಗೆಯುವ ಹೊತ್ತಿಗೆ ಸೊಸೆಯ ಕೈ ರಿಮೋಟಿನ ಮೇಲಿರುತ್ತದೆ. ಅತ್ತೆಯೂ ಕಡಿಮೆಯವಳಲ್ಲ, ರಿಮೋಟಿನ ಸೆಲ್ಲು ತೆಗೆದು ಸೀರೆಯ ಸೆರಗಿಗೆ ಗಂಟು ಹಾಕಿಕೊಂಡೇ ಮಾತು ಶುರು ಮಾಡುತ್ತಾಳೆ. ಗೊರಕೆ ಹೊಡೆಯುವ ಗಂಡನಿದ್ದವರು ಮಲಗುವ ಮುಂಚೆ ದನಿಯನ್ನು ಟಿವಿಗೆ ತಿರುಗಿಸಿ ಟಿವಿ ಆರಿಸುತ್ತಾರೆ. ನೆಂಟರು ಬಂದರೆ ಅರ್ಧ ಮಾತು ಮನೆಯಲ್ಲಿ, ಅರ್ಧ ಬೀದಿಯಲ್ಲಿ. ರಿಮೋಟಿನಲ್ಲೇ ತಿರುಗುವುದಾದರೆ ಚೂಡಾಮಣಿಯ ಕೆಲಸವೇನು ಎಂದು ಕೇಳಬೇಡಿ. ನಲ್ಲಿ ತಿರುಗಿಸಲು ಎಲ್ಲರಿಗೂ ಬರುತ್ತದೆ, ನೀರು ನಿಂತರೆ ಯಾರು ಬರಬೇಕು? ದನಿಯೂ ಹಾಗೆಯೇ. ಪೆಟ್ಟಿಗೆಗೆ ಎಂದು ಒತ್ತಿದರೆ ಕಿವಿಗೆ ಹೋಗಿ ಕೂರುತ್ತದೆ, ಮನೆಮಂದಿಗೆ ಎಂದರೆ ಟಿವಿಯಲ್ಲೇ ಜಗ್ಗಿಕೊಂಡಿರುತ್ತದೆ. ಕರೆಂಟು ತೆಗೆದರೂ ಪ್ರಯೋಜನವಿಲ್ಲ, ಕಡೆಯಲ್ಲಿ ಎಲ್ಲಿತ್ತೋ ಅಲ್ಲೇ ಬಿದ್ದಿರುತ್ತದೆ. ಚೂಡಾಮಣಿ ಹೋಗಿ ಯಂತ್ರದ ಬೆನ್ನ ಮೇಲೆ ಅಂಗೈ ಇಟ್ಟು ಒಂದು ನಿಮಿಷ ಸುಮ್ಮನೆ ಕೂರುತ್ತಾಳೆ. ಆಮೇಲೆ ಪಟ್ಟಿ ತೆರೆದು, ಒಂದು ಪಿನ್ನು ಕಿತ್ತು ಇನ್ನೊಂದಕ್ಕೆ ಹಾಕಿ, ದನಿಯನ್ನು ಬರಬೇಕಾದ ಕಡೆಗೆ ಬರಿಸುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಗೆ ತಿರುಗದ ದನಿಯಿಲ್ಲ. ಯಾರಾದರೂ ಮಾತಾಡುತ್ತಿದ್ದರೆ ಅವರ ಮಾತು ಮುಗಿಯುವ ತನಕ ಕಾಯುತ್ತಾಳೆ, ನಡುವೆ ಕತ್ತರಿಸುವುದಿಲ್ಲ. ಬೇರೆಯವರ ಮಾತಿಗೆ ಅಷ್ಟು ಮರ್ಯಾದೆ ಕೊಡುವವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ, ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಸಿಗುವುದಿಲ್ಲ ಎಂಬುದು ಬೇರೆ ವಿಷಯ.

ಪಾಲಾಕ್ಷನ ಮನೆಯ ಸಂಗತಿಗೆ ಬರುತ್ತೇನೆ. ಪಾಲಾಕ್ಷ ಕೆಟ್ಟವನಲ್ಲ, ಆದರೆ ಅವನಿಗೆ ಸಿನಿಮಾದ ಹುಚ್ಚು ನೆತ್ತಿಗೇರಿದೆ. ಊರಿನಲ್ಲೆಲ್ಲ ಐದೈದು ಪೆಟ್ಟಿಗೆಯಾದರೆ ಅವನು ನಾಲ್ಕು ವರ್ಷದ ಹಿಂದೆ ಏಳು ತರಿಸಿದ. ಮುಂದೆ ಮೂರು, ಪಕ್ಕಕ್ಕೆ ಎರಡು, ಹಿಂದೆ ಒಂದು, ಮೂಲೆಯಲ್ಲಿ ಗುಡುಗಲಿಕ್ಕೆಂದೇ ಒಂದು ಡೊಳ್ಳು ಹೊಟ್ಟೆಯದು. ನಡುವೆ ಒಂದೇ ಒಂದು ಕುರ್ಚಿ, ಅದಕ್ಕೆ ಕಾಫಿ ಬಣ್ಣದ ರೆಕ್ಸಿನ್ ಗವಸು ಹೊಲಿದವನು ನಾನೇ. ಅಂದಿನಿಂದ ಆ ಮನೆಯ ದನಿ ಪೆಟ್ಟಿಗೆ ಬಿಟ್ಟು ಕೆಳಗಿಳಿದಿಲ್ಲ. ಅವನ ಹೆಂಡತಿ ತವರಿಗೆ ಹೋಗಿ ನಾಲ್ಕು ಮಾತಾಡಿಕೊಂಡು ಬರುತ್ತೇನೆ ಎಂದು ಹೋದವಳು, ಎರಡು ವರ್ಷವಾಯಿತು, ಇನ್ನೂ ನಾಲ್ಕು ಮಾತು ಮುಗಿದಿಲ್ಲ.

ಉಳಿದವಳು ಅವನ ಅಕ್ಕ ಹೊನ್ನೂರಮ್ಮ. ಗಂಡ ತೀರಿಕೊಂಡ ಮೇಲೆ ಅವಳ ಅಪ್ಪ ಅವಳನ್ನು ಕರೆತಂದು ಮನೆಯ ಹಿಂದಿನ ಎರಡು ಕೋಣೆ ಕೊಟ್ಟಿದ್ದ. ಅಲ್ಲಿ ಕೂತು ಅವಳು ಹಪ್ಪಳ ಲಟ್ಟಿಸುತ್ತಾಳೆ. ನಮ್ಮೂರಿನಲ್ಲಿ ಮದುವೆಯಿರಲಿ ತಿಥಿಯಿರಲಿ, ಎಲೆಯ ಮೇಲೆ ಹೊನ್ನೂರಮ್ಮನ ಉದ್ದಿನ ಹಪ್ಪಳ ಬೀಳದಿದ್ದರೆ ಊಟಕ್ಕೆ ಕೂತವರು ಆಚೀಚೆ ನೋಡುತ್ತಾರೆ. ಆ ಎರಡು ಕೋಣೆಯೇ ಅವಳ ಬದುಕು. ಪಾಲಾಕ್ಷನಿಗೆ ಈಗ ಆ ಕೋಣೆಗಳು ಬೇಕಾಗಿದ್ದವು. ಹಿಂದಿನ ಪೆಟ್ಟಿಗೆ ಕುರ್ಚಿಯಿಂದ ಹನ್ನೆರಡು ಅಡಿ ದೂರ ಇದ್ದರೇ ಸಿನಿಮಾದ ಮಳೆ ನಿಜವಾದ ಮಳೆಯ ಹಾಗೆ ಕೇಳುವುದಂತೆ. ಅದಕ್ಕೆ ನಡುವಿನ ಗೋಡೆ ಒಡೆಯಬೇಕು. ಅಕ್ಕನಿಗೆ ಊರಾಚೆ ತಗಡಿನ ಶೆಡ್ಡು ಹಾಕಿಸಿಕೊಡುತ್ತಾನಂತೆ.

ಪಾಲು ಬಿಡಿಸಿಕೊಳ್ಳಲು ನಮ್ಮಲ್ಲಿ ಒಂದು ಕಟ್ಟಳೆಯಿದೆ. ಮನೆಯ ಮಾತು ಆ ಮನೆಯ ಸೂರಿನ ಕೆಳಗೇ ಆಡಬೇಕು, ಬೀದಿಯಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ. ಊರ ಯಜಮಾನರು ಬೀದಿಯಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಮೂರು ಸಲ ಕೇಳುತ್ತಾರೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತು. ಬೆನ್ನು ಹಾಕುವುದು ಯಾಕೆಂದರೆ, ನಮ್ಮವರು ತಲೆ ಆಡಿಸಿದರೆ ಅದು ಹೌದೋ ಅಲ್ಲವೋ ದೇವರಿಗೂ ತಿಳಿಯುವುದಿಲ್ಲ. ಬರೆದುಕೊಟ್ಟದ್ದೂ ಆಗದು, ಬರೆದದ್ದನ್ನು ಅಳಿಸಬಹುದು. ಕಿವಿಗೆ ಬಿದ್ದದ್ದೇ ಮಾತು. ಮೂರು ಸಲ ಕೇಳಿಯೂ ಏನೂ ಕಿವಿಗೆ ಬೀಳದಿದ್ದರೆ ಮೌನವೇ ಸಮ್ಮತಿ. ಅದಕ್ಕೇ ಕೇಳುವ ಮುಂಚೆ ಚೂಡಾಮಣಿ ಹೋಗಿ ಮನೆಯ ದನಿಯನ್ನು ಮನೆಮಂದಿಗೆ ತಿರುಗಿಸಿಕೊಡಬೇಕು. ಇದು ಅವಳ ಪಾಲಿನ ಕೆಲಸ.

ಯಜಮಾನರು ಕೇಳಲು ಗೊತ್ತು ಮಾಡಿದ್ದ ಸೋಮವಾರದ ಹಿಂದಿನ ದಿನ ಹೊನ್ನೂರಮ್ಮ ನಲ್ಲಿಯ ಹತ್ತಿರ ನಮಗೆ ಸಿಕ್ಕಿದ್ದಳು. ಅವಳ ದನಿ ಮೊದಲೇ ಮೆತ್ತಗೆ, ಬಿಂದಿಗೆಗೆ ಬೀಳುವ ನೀರಿನ ಸದ್ದಿನಲ್ಲಿ ಬಗ್ಗಿ ಕೇಳಬೇಕಾಯಿತು.

"ನಾನು ಒಪ್ಪಲ್ಲ ಅಂತ ಆ ಮನೇಲಿ ನೂರು ಸಲ ಅಂದಿದೀನಿ ಕಣವ್ವ. ತುಟಿ ನೋವು ಬಂತೇ ಹೊರ್ತು ಮಾತು ಬರ್ಲಿಲ್ಲ. ನಾಳೆನೂ ಹಂಗೇ ಆದ್ರೆ ಏನ್ ಗತಿ?"

"ಹೆಂಗಾಗ್ತದೆ ಅಕ್ಕ? ನಾನ್ ಬರ್ತೀನಲ್ಲ" ಅಂದಳು ಚೂಡಾಮಣಿ. "ದನಿ ನಿನ್ ಕೊರಳಿಗೆ ತಂದು ಕೊಡೋದು ನನ್ ಜವಾಬ್ದಾರಿ. ನೀನು ನಿನ್ ಮಾತು ರೆಡಿ ಮಾಡ್ಕೊ."

ಸೋಮವಾರ ಹತ್ತೂವರೆಗೆ ಪಾಲಾಕ್ಷನ ಮನೆಯ ಮುಂದೆ ಅರ್ಧ ಊರು ಸೇರಿತ್ತು. ಯಜಮಾನ ದೊಡ್ಡೀರಪ್ಪನವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಳಗೆ ಏಳು ಪೆಟ್ಟಿಗೆಯಲ್ಲಿ ಯಾವುದೋ ಹೊಡೆದಾಟ ನಡೆದಿತ್ತು. ನಾವು ಒಳಗೆ ಹೋದೆವು. ಚೂಡಾಮಣಿ ಯಂತ್ರದ ಬೆನ್ನು ಸವರಿ ಪಟ್ಟಿ ತೆರೆದಳು. ತೆರೆದವಳು ಹಾಗೇ ಕೂತಳು. ನಾನು ಬಗ್ಗಿ ನೋಡಿದೆ. ಟಿವಿಗೆ, ಪೆಟ್ಟಿಗೆಗೆ, ಕಿವಿಗೆ. ಮೂರೇ ಸಾಲು. ಮನೆಮಂದಿಗೆ ಎಂಬ ಸಾಲೇ ಇರಲಿಲ್ಲ.

ಅವಳು ಬೀದಿಗೆ ಬಂದು ಪಾಲಾಕ್ಷನನ್ನು ಕೇಳಿದಳು. "ಆ ಸಾಲು ಎಲ್ಲಿ ಹೋಯ್ತಣ್ಣ?"

"ಏನೋಪ್ಪ, ಬೇರೆ ಊರಿನ್ ಮೆಕ್ಯಾನಿಕ್ ಬಂದು ಹೊಸಾ ಪಟ್ಟಿ ಹಾಕ್ಕೊಟ್ಟ. ಅವರೂರಲ್ಲಿ ಆ ಸಾಲೇ ಇರಲ್ವಂತೆ, ಅಳಿಸ್ಬಿಟ್ಟ" ಎಂದ ಪಾಲಾಕ್ಷ. ಏನೂ ಅರಿಯದ ಹಸುಗೂಸಿನ ಮುಖ ಮಾಡಿದ್ದ. "ನಂಗೇನ್ ಗೊತ್ತಾಗ್ತದೆ ಮೇಡಂ? ನೀವೇ ಅಲ್ವಾ ಎಲ್ಲ ಬಲ್ಲೋರು."

ಚೂಡಾಮಣಿ ಯಜಮಾನರ ಕಡೆ ತಿರುಗಿದಳು. "ನಂಗೆ ಎರಡು ದಿನ ಬೇಕು ಯಜಮಾನ್ರೇ. ಆ ಸಾಲು ಹೊಸದಾಗಿ ಬರಿಬೇಕು."

ದೊಡ್ಡೀರಪ್ಪನವರು ನ್ಯಾಯವಂತರು. ಆದರೆ ಕಟ್ಟಳೆ ಎಂದರೆ ಗೆರೆ ಕೊರೆದ ಹಾಗೆ. "ಗೊತ್ತು ಮಾಡಿದ್ ದಿನ ಗೊತ್ತು ಮಾಡಿದ್ದೇ ಕಣವ್ವ. ನಾಳೆ ಇನ್ನೊಬ್ರು ಇನ್ನೊಂದ್ ನೆಪ ತಗೀತಾರೆ. ಮೂರು ಸಲ ಕೇಳೋದ್ರೊಳಗೆ ನಿನ್ ಕೈಲಿ ಆಗೋದ್ ಮಾಡು" ಎಂದು ಎಲೆ ಬಾಯಿಗಿಟ್ಟರು. ಆಮೇಲೆ ಗಂಟಲು ಸರಿ ಮಾಡಿಕೊಂಡು ಕೂಗಿದರು. "ಹೊನ್ನೂರಮ್ಮಾ! ಹಿಂದ್ಲ ಎರಡು ಕೋಣೆ ನಿನ್ ತಮ್ಮಂಗೆ ಬಿಟ್ಕೊಡಾಕೆ ನಿಂಗೆ ಒಪ್ಪಿಗೆ ಐತಾ, ಇಲ್ವಾ?"

ಹೊನ್ನೂರಮ್ಮ ಹಜಾರದಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೂ ಹಪ್ಪಳದ ಹಿಟ್ಟು. ಅವಳ ತುಟಿ 'ಇಲ್ಲ' ಎಂದದ್ದನ್ನು ನಾನು ಕಂಡೆ, ಬಾಗಿಲಲ್ಲಿ ಇಣುಕುತ್ತಿದ್ದವರೆಲ್ಲ ಕಂಡರು. ಬೆನ್ನು ಹಾಕಿ ಕೂತ ಯಜಮಾನರಿಗೆ ಕೇಳಿಸಿದ್ದು ಪೆಟ್ಟಿಗೆಯ ಹೊಡೆದಾಟ ಮಾತ್ರ. "ಒಂದು" ಎಂದರು.

ಚೂಡಾಮಣಿ ಒಳಗೆ ಓಡಿದಳು. ಯಂತ್ರ ಆರಿಸಿ ಹಾಕಿದಳು, ಅದೇ ಮೂರು ಸಾಲು. ಏಳೂ ಪೆಟ್ಟಿಗೆಯ ವೈರು ಕಿತ್ತಳು. ಹೊಡೆದಾಟ ನಿಂತಿತು, ಆದರೆ ಹೊನ್ನೂರಮ್ಮ ಬಾಯಿ ತೆರೆದರೆ ಅಲ್ಲೂ ಏನಿಲ್ಲ. ದನಿ ವೈರಿನ ತುದಿಯಲ್ಲೇ ನಿಂತುಬಿಟ್ಟಿತ್ತು, ಯಾರಿಗೂ ಇಲ್ಲದ ಹಾಗೆ. ಮತ್ತೆ ಸಿಕ್ಕಿಸಿದಳು. ಅವಳ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು. ಅಷ್ಟು ವರ್ಷದಲ್ಲಿ ಕೆಲಸದ ನಡುವೆ ಅವಳು ಬೆವರಿದ್ದನ್ನು ನಾನು ನೋಡಿರಲಿಲ್ಲ. ಹೊನ್ನೂರಮ್ಮನ ಕೋಣೆ ಹೋಗುತ್ತದೆ, ನನ್ನ ಹೆಂಡತಿ ಕೊಟ್ಟ ಮಾತೂ ಹೋಗುತ್ತದೆ. ಹೊರಗಿನಿಂದ ಎರಡನೇ ಸಲದ ಕೂಗು ಬಂತು. ಹೊನ್ನೂರಮ್ಮ ಈ ಸಲ ತುಟಿಯನ್ನೂ ಆಡಿಸಲಿಲ್ಲ, ಚೂಡಾಮಣಿಯನ್ನೇ ನೋಡುತ್ತಾ ನಿಂತಿದ್ದಳು.

"ಎರಡು" ಎಂದರು ಯಜಮಾನರು. ಬೀದಿಯಲ್ಲಿ ಪಾಲಾಕ್ಷ ಯಾರಿಗೋ ಗೋಡೆ ಒಡೆಯುವ ಮೇಸ್ತ್ರಿ ಬುಧವಾರ ಬರುತ್ತಾನೆ ಎಂದು ಹೇಳುವುದು ಕೇಳಿಸಿತು.

ಚೂಡಾಮಣಿ ನನ್ನ ಕಡೆ ಕೈ ಚಾಚಿ ಕಿವಿ ಮುಟ್ಟಿ ತೋರಿಸಿದಳು. ದನಿ ಪೆಟ್ಟಿಗೆಯಿಂದ ಕಿವಿಗಾದರೂ ಇಳಿದೀತೇ ನೋಡಲು ಹೆಡ್‌ಫೋನ್ ಕೊಡಿ ಎಂದು. ಮನೆಗಳಲ್ಲಿ ಸನ್ನೆಯಲ್ಲೇ ಸಂಸಾರ ಮಾಡಿದವರು ನಾವು, ಅಷ್ಟು ತಿಳಿಯುತ್ತದೆ. ಚೀಲಕ್ಕೆ ಕೈ ಹಾಕಿದೆ. ಅಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ಯಾವಾಗಲೂ ಒಯ್ಯುವ ಹೆಡ್‌ಫೋನಿನ ಬದಲು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುವ ಚಿನ್ನಪ್ಪನದು ಬಂದಿತ್ತು. ಕಿವಿಯ ಮೆತ್ತೆ ಹರಿದಿದೆ ಎಂದು ಹೊಲಿಯಲು ಕೊಟ್ಟಿದ್ದ. ನಾನು ರೆಕ್ಸಿನ್ ಹಾಕಿ ಹೊಲಿದು, ಎರಡೂ ಒಂದೇ ಬಣ್ಣವೆಂದು ನೋಡದೆ ಚೀಲಕ್ಕೆ ತುರುಕಿದ್ದೆ. ಅದಕ್ಕೆ ಬಾಯಿಯ ಮುಂದೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಮೈಕು, ಹಿಂದೆ ಹತ್ತು ಮಾರು ವೈರು. ತಲೆ ಚಚ್ಚಿಕೊಳ್ಳುತ್ತಾ ಅದನ್ನೇ ಕೊಟ್ಟೆ. ಬೈಯುತ್ತಾಳೆ ಎಂದುಕೊಂಡೆ.

ಅವಳು ಬೈಯಲಿಲ್ಲ. ಆ ಮೈಕನ್ನು ನೋಡಿದಳು, ಏಳು ಪೆಟ್ಟಿಗೆ ನೋಡಿದಳು, ಆಮೇಲೆ ನನ್ನನ್ನು ನೋಡಿ ನಕ್ಕಳು. ಮದುವೆಯಾದ ಹೊಸದರಲ್ಲಿ ನಗುತ್ತಿದ್ದ ಹಾಗೆ. ಮೈಕಿನ ಪಿನ್ನನ್ನು ಯಂತ್ರದ ಹಿಂದಿನ ಗುಲಾಬಿ ಬಣ್ಣದ ತೂತಿಗೆ ಹಾಕಿದಳು. ಒಂದರೊಳಗೊಂದು ಪಟ್ಟಿ ತೆರೆಯುತ್ತಾ ಹೋದಳು, ನಾನು ಎಂದೂ ಕಂಡಿರದ ಪಟ್ಟಿಗಳು. ಕಟ್ಟಕಡೆಯದರಲ್ಲಿ ಒಂದು ಸಾಲಿತ್ತು: ಮೈಕಿನಲ್ಲಿ ಬಂದದ್ದನ್ನು ಪೆಟ್ಟಿಗೆಗೆ ಕಳಿಸು. ಅದಕ್ಕೆ ಗುರುತು ಹಾಕಿದಳು. ಆಗ ನನ್ನ ದಡ್ಡ ತಲೆಗೂ ಹೊಳೆಯಿತು. ದನಿ ಪೆಟ್ಟಿಗೆ ಬಿಟ್ಟು ಇಳಿಯುವುದಿಲ್ಲವೇ? ಇಳಿಯುವುದು ಬೇಡ. ಹೊನ್ನೂರಮ್ಮನೇ ಪೆಟ್ಟಿಗೆಗೆ ಹತ್ತಲಿ.

ಸಿನಿಮಾ ನಿಲ್ಲಿಸಿ, ಹೊನ್ನೂರಮ್ಮನ ತಲೆಗೆ ಹೆಡ್‌ಫೋನ್ ಹಾಕಿ, ಕಡ್ಡಿಯನ್ನು ಅವಳ ತುಟಿಯ ಹತ್ತಿರ ತಂದದ್ದೇ ತಡ, ಏಳೂ ಪೆಟ್ಟಿಗೆ ಒಟ್ಟಿಗೆ ಕುಂಯ್ಯೆಂದು ಕಿರುಚಿದವು. ಬೀದಿಯವರು ಕಿವಿ ಮುಚ್ಚಿಕೊಂಡರು. ಪಾಲಾಕ್ಷ ಬಾಗಿಲಿಗೆ ಓಡಿ ಬಂದ. ಬೆನ್ನು ತಿರುಗಿಸದೆಯೇ ಯಜಮಾನರು ಕೈಯೆತ್ತಿದರು. "ಇದು ಮಾತಲ್ಲ. ಎಲೆಯಡಿಕೆ ಇನ್ನೊಂದ್ ಚೂರು ಐತೆ."

ಮೈಕು ಪೆಟ್ಟಿಗೆಯ ಎದುರಿಗಿದ್ದರೆ ಹಾಗೆ ಕಿರುಚುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಚೂಡಾಮಣಿಗೆ ಆಗಲೇ ತಿಳಿದಿತ್ತು. ಹೊನ್ನೂರಮ್ಮನ ಭುಜ ಹಿಡಿದು ಹಿಂದಿನ ಕೋಣೆಗೆ ನಡೆಸಿಕೊಂಡು ಹೋದಳು. ಬಸ್‌ಸ್ಟ್ಯಾಂಡಿನ ವೈರು ಹಜಾರ ದಾಟಿ, ಬಾಗಿಲು ದಾಟಿ, ಹಪ್ಪಳದ ಮಣೆಯ ತನಕ ಸರಿಯಾಗಿ ಬಂತು. ಕಿರುಚಾಟ ನಿಂತಿತು. ಚೂಡಾಮಣಿ ಬಾಗಿಲು ಅರ್ಧ ಮುಂದೆ ಮಾಡಿ, ಹೊನ್ನೂರಮ್ಮನ ಕೆನ್ನೆಯ ಮೇಲಿದ್ದ ಹಿಟ್ಟನ್ನು ತನ್ನ ಸೆರಗಿನಿಂದ ಒರೆಸಿ ಪಕ್ಕಕ್ಕೆ ಸರಿದಳು.

"ಹೊನ್ನೂರಮ್ಮಾ! ಮೂರನೇ ಸಲ ಕೇಳ್ತಿದೀನಿ. ಹಿಂದ್ಲ ಎರಡು ಕೋಣೆ ಬಿಟ್ಕೊಡಾಕೆ ಒಪ್ಪಿಗೆ ಐತಾ, ಇಲ್ವಾ?"

ಮೊದಲು ಬಂದದ್ದು ಉಸಿರು. ಅವಳು ಹೆದರಿ ಎಳೆದುಕೊಂಡ ಒಂದು ಉಸಿರು ಏಳು ಪೆಟ್ಟಿಗೆಯಲ್ಲಿ ಸುಂಟರಗಾಳಿಯಾಗಿ ಬೀಸಿತು. ಅದನ್ನು ಕೇಳಿ ಅವಳೇ ಬೆಚ್ಚಿದಳು. ನಾಲ್ಕು ವರ್ಷ ಆ ಸೂರಿನ ಕೆಳಗೆ ಅವಳು ತನ್ನ ದನಿಯನ್ನು ಕೇಳಿರಲಿಲ್ಲ.

"ಒಪ್ಪಿಗೆ ಇಲ್ಲ."

ಅವಳು ಮೆತ್ತಗೇ ಹೇಳಿದಳು, ಎಂದಿನ ಹಾಗೆ. ಅದು ಮುಂದಿನ ಮೂರರಿಂದ ಬಂತು, ಪಕ್ಕದ ಎರಡರಿಂದ ಬಂತು, ಹಿಂದಿನಿಂದ ಬಂತು, ಮೂಲೆಯ ಡೊಳ್ಳು ಹೊಟ್ಟೆಯದು ಅದಕ್ಕೆ ಗುಡುಗು ಸೇರಿಸಿತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಗಡಗಡ ಅಂದವು. ಎದುರು ಮನೆಯ ಮಾಳಿಗೆಯಿಂದ ಪಾರಿವಾಳಗಳು ಎದ್ದವು.

"ಈ ಎರಡು ಕೋಣೆ ನಮ್ಮಪ್ಪ ನಂಗೆ ಕೊಟ್ಟಿದ್ದು. ಇಲ್ಲೇ ದುಡಿದು ಉಂಡಿದೀನಿ. ನಾನ್ ಬಿಟ್ಕೊಡಲ್ಲ ಕಣೋ ಪಾಲಾಕ್ಷ."

ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ಇಂಥವಳು ನನ್ನ ಹೆಂಡತಿ ಎಂದು ಎದೆ ಎಷ್ಟು ಉಬ್ಬಿತೆಂದರೆ, ಆ ಮನೆಯಲ್ಲಿ ನನಗೆ ದನಿ ಇದ್ದಿದ್ದರೆ ಊರು ಬಿದ್ದುಹೋಗುವ ಹಾಗೆ ಕೂಗುತ್ತಿದ್ದೆ. ಕೂಗಲಾಗದೆ ಬೀದಿಗೆ ಓಡಿ ಬಂದೆ.

ಅಲ್ಲಿ ಪಾಲಾಕ್ಷ ಆಗಲೇ ಜಗಳ ತೆಗೆದಿದ್ದ. "ಇದು ನಡೆಯಲ್ಲ ಯಜಮಾನ್ರೇ! ಅಕ್ಕ ಎಲ್ ಮಾತಾಡಿದ್ಳು? ಮಾತಾಡಿದ್ದು ಪೆಟ್ಟಿಗೆ! ಮಿಷನ್ ದನಿ ಅದು, ಮನುಷ್ಯರದ್ದಲ್ಲ."

ದೊಡ್ಡೀರಪ್ಪನವರು ಕುರ್ಚಿಯಿಂದ ಎದ್ದು, ಅಂದು ಮೊದಲ ಸಲ ಮನೆಯ ಕಡೆ ಮುಖ ಮಾಡಿ ನಿಂತರು. ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡರು. "ಮನೆಗೆ ಒಂದೇ ದನಿ ಅಲ್ವೇನಪ್ಪ?"

"ಹೂಂ."

"ಅದನ್ನ ಪೆಟ್ಟಿಗೇಲಿ ಇಟ್ಟೋರ್ ಯಾರು?"

ಪಾಲಾಕ್ಷ ತನ್ನ ಕಾಲ ಬೆರಳು ನೋಡಿಕೊಂಡ.

"ನೀನ್ ಇಟ್ಟಿದ್ ಕಡೆಯಿಂದ್ಲೇ ಬಂದೈತೆ. ಇನ್ನೆಲ್ಲಿಂದ ಬರ್ಬೇಕಿತ್ತು? ಸೂರಿನ್ ಕೆಳಗೆ ಆಡಿದ್ ಮಾತು, ನನ್ ಕಿವಿಗೆ ಬಿತ್ತು. ನನ್ ಕಿವಿಗೇನು, ಕೆರೆ ಏರಿ ಮ್ಯಾಲಿದ್ದೋರ್ ಕಿವಿಗೂ ಬಿದ್ದೈತೆ. ಕೋಣೆ ಅವಳದು." ಆಮೇಲೆ ನನ್ನ ಹಿಂದೆಯೇ ಬೀದಿಗೆ ಬಂದಿದ್ದ ಚೂಡಾಮಣಿಯ ಕಡೆ ನೋಡಿ, ಊರ ಯಜಮಾನರು, ಯಾರಿಗೂ ಕೈ ಮುಗಿಯದವರು, ಅರ್ಧ ಕೈ ಎತ್ತಿ ಮುಗಿದರು. ಅವಳು ನಾಚಿಕೊಂಡು ಸೆರಗು ಸರಿಮಾಡಿಕೊಂಡಳು. ನಾನು ಪಕ್ಕದಲ್ಲಿದ್ದವನ ಪಕ್ಕೆಗೆ ತಿವಿದು ನೋಡಿದೆಯಾ ಎಂದೆ.

ಜನ ಹೊರಡಲಿಲ್ಲ, ಯಾಕೆಂದರೆ ಒಳಗೆ ಹೊನ್ನೂರಮ್ಮ ನಿಲ್ಲಿಸಿರಲಿಲ್ಲ. ನಾಲ್ಕು ವರ್ಷದ ಮಾತು ಒಂದೊಂದಾಗಿ ಹೊರಗೆ ಬರುತ್ತಿತ್ತು. ಉದ್ದಿನ ಹಿಟ್ಟು ಕಲಸುವ ದಿನ ಪಾಲಾಕ್ಷ ನೀರು ಖಾಲಿ ಮಾಡಿದ್ದು, ಅವನ ಹೆಂಡತಿ ಹೋಗುವ ಮುಂಚೆ ಅಡುಗೆಮನೆಯಲ್ಲಿ ಅತ್ತದ್ದು, ಅವನು ಹಬ್ಬದ ದಿನವೂ ಆ ಕುರ್ಚಿಯಿಂದ ಏಳದೇ ಇದ್ದದ್ದು, ಅಪ್ಪ ಸಾಯುವ ಮುಂಚೆ ತಮ್ಮನನ್ನು ನೋಡಿಕೊ ಎಂದದ್ದು, ಈ ಸಲದ ಉದ್ದಿನಲ್ಲಿ ಕಲ್ಲು ಜಾಸ್ತಿ ಇದ್ದದ್ದು. ಎದುರು ಮನೆಯವರು ಕುರ್ಚಿ ತಂದು ಹಾಕಿಕೊಂಡರು. "ಸ್ವಲ್ಪ ಕಮ್ಮಿ ಮಾಡವ್ವ, ಕಿವಿ ತೂತಾಗ್ತೈತೆ" ಎಂದು ಯಾರೋ ಚೂಡಾಮಣಿಗೆ ಹೇಳಿದರು.

"ಯಾಕ್ ಕಮ್ಮಿ ಮಾಡ್ಲಿ? ಮಾತಾಡೋರ ಮಾತು ಮುಗೀಲಿ" ಎಂದಳು ಅವಳು.

ಪಾಲಾಕ್ಷ ತಲೆ ತಗ್ಗಿಸಿ ಬೀದಿಯ ನಡುವೆ ನಿಂತಿದ್ದ. ಸೋತವನ ಮುಖ ನೋಡುವುದು ಚೆಂದವಲ್ಲ ಎಂದು ಬೇರೆ ಕಡೆ ನೋಡುತ್ತಿದ್ದೆ. ಆದರೂ ಕಣ್ಣಿಗೆ ಬಿತ್ತು. ಅಕ್ಕ ಅಪ್ಪನ ಮಾತು ಎತ್ತಿದಾಗಿನಿಂದ ಅವನು ನೆಲ ನೋಡುವುದು ಬಿಟ್ಟು, ಕತ್ತು ಸ್ವಲ್ಪ ವಾರೆ ಮಾಡಿ, ಒಳ್ಳೆಯ ಸಿನಿಮಾ ಕೇಳುವವನ ಹಾಗೆ ಕೇಳುತ್ತಿದ್ದ.

ಹನ್ನೆರಡರ ಹೊತ್ತಿಗೆ ಏಳೂ ಪೆಟ್ಟಿಗೆ ಒಮ್ಮೆ ಉಸಿರು ಬಿಟ್ಟು ಸುಮ್ಮನಾದವು. ಜನ ಕುರ್ಚಿ ಮಡಿಸತೊಡಗಿದರು. ಆಗ ಅದೇ ಮೆತ್ತಗಿನ ದನಿ, ಅದೇ ಗುಡುಗಿನಲ್ಲಿ, ಇಡೀ ಬೀದಿ ತುಂಬಾ ಬಂತು. "ಪಾಲಾಕ್ಷ, ಬಿಸಿಲಲ್ಲಿ ನಿಂತ್ಕಂಡ್ ಏನ್ ಮಾಡ್ತೀಯಾ? ಅನ್ನ ಆರೋಗ್ತೈತೆ, ಒಳಕ್ ಬಾ."

ಅವನು ಮುಖ ಒರೆಸಿಕೊಂಡು ಬಾಗಿಲ ತನಕ ನಡೆದ. ಹೊಸ್ತಿಲ ಮೇಲೆ ಕಾಲಿಡಲು ಹೋದವನು ಹಿಂದಕ್ಕೆ ತೆಗೆದ. ಒಳಗೆ ಹೋದರೆ ಅವನಿಗೆ ದನಿಯಿಲ್ಲ. ಹೊಸ್ತಿಲ ಈಚೆಗೇ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಬಂದೆ ಅಕ್ಕ" ಎಂದು ಹೇಳಿ, ಆಮೇಲೆ ಒಳಗೆ ಹೋದ.